ಕತ್ತಿನಿಂದ ಕೆಳಕ್ಕೆ ಹೆಣೆಯುವ ಸ್ವೆಟರ್: ಅಳತೆ ತಪ್ಪುವುದು ಎಲ್ಲಿ?

ಪ್ರಶ್ನೆ: ಐದು ವರ್ಷದ ಮಗನಿಗೆ ಬಿಡಿಭಾಗ ಜೋಡಿಸುವ ಕೆಲಸವಿಲ್ಲದೆ, ಕತ್ತಿನಿಂದಲೇ ಶುರುಮಾಡಿ ಒಂದೇ ತುಂಡಾಗಿ ಸ್ವೆಟರ್ ಹೆಣೆಯಬೇಕು. ಅವನ ಎದೆ ಸುತ್ತಳತೆ 60 ಸೆಂ.ಮೀ. ಎಷ್ಟು ಕುಣಿಕೆ ಹಾಕಲಿ? ಎಷ್ಟು ಉಲ್ಲನ್ ತರಲಿ? (ಮಡಿಕೇರಿ)

ಉಲ್ಲನ್ 300 ಗ್ರಾಂ ತನ್ನಿ. 100 ಗ್ರಾಂಗೆ 200ರಿಂದ 230 ಮೀಟರ್ ಬರುವ ದಪ್ಪದ್ದಾಗಿರಲಿ. ಲೇಬಲ್ಲಿನ ಮೇಲೆ ‘4 ಪ್ಲೈ’ ಎಂದಿದ್ದರೆ ಅದನ್ನೇ ನಂಬಿ ಕೊಳ್ಳಬೇಡಿ. ಎಷ್ಟು ಎಳೆ ಸೇರಿಸಿ ಹೊಸೆದಿದ್ದಾರೆ ಎಂಬುದು ಅದರಿಂದ ತಿಳಿಯುತ್ತದೆಯೇ ಹೊರತು ದಾರದ ದಪ್ಪ ತಿಳಿಯುವುದಿಲ್ಲ. ಎಲ್ಲ ಉಂಡೆಗಳ ಡೈ ಲಾಟ್ ನಂಬರ್ (ಒಂದೇ ಸಲಕ್ಕೆ ಬಣ್ಣ ಹಾಕಿದ ಉಲ್ಲನ್ನಿಗೆ ಕೊಡುವ ಸಂಖ್ಯೆ) ಒಂದೇ ಇದೆಯೇ ನೋಡಿಕೊಳ್ಳಿ.

ಕಡ್ಡಿ 4 ಮಿ.ಮೀ. ಮತ್ತು ಹಿಗ್ಗುವ ಅಂಚುಪಟ್ಟಿಗೆ, ಅಂದರೆ ರಿಬ್‌ಗೆ 3.25 ಮಿ.ಮೀ., ಎರಡೂ 80 ಸೆಂ.ಮೀ. ಉದ್ದದ ಸರ್ಕ್ಯುಲರ್, ಅಂದರೆ ಎರಡು ತುದಿಗಳ ನಡುವೆ ಬಾಗುವ ತಂತಿಯಿರುವ ಕಡ್ಡಿ. ಕತ್ತು, ತೋಳಿನಂಥ ಕಿರಿದಾದ ಸುತ್ತಿನಲ್ಲಿ ಹೆಚ್ಚಿನ ತಂತಿಯನ್ನು ಕುಣಿಕೆಗಳ ನಡುವಿನಿಂದ ಹೊರಗೆಳೆದುಕೊಂಡು ಹೆಣೆಯಿರಿ. ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ನಂಬರಿನಲ್ಲಿ ಕೇಳುವುದಾದರೆ ಇವು 8 ಮತ್ತು 10. ಅಮೆರಿಕದ ಪ್ಯಾಟರ್ನ್ ಹಿಡಿದು ಕೂತವರು ಇಲ್ಲಿ ಎಡವುತ್ತಾರೆ: ಅಲ್ಲಿಯ 8 ನಂಬರ್ ಎಂದರೆ 5 ಮಿ.ಮೀ.

ಹೆಣೆಯುವ ಮೊದಲು 15 ಸೆಂ.ಮೀ. ಚೌಕದ ಮಾದರಿ ತುಂಡು ಮಾಡಿ, ತೊಳೆದು, ಒಣಗಿಸಿ, ನಡುವಿನ 10 ಸೆಂ.ಮೀ.ಯಲ್ಲಿ ಕುಣಿಕೆಗಳನ್ನೂ ಸಾಲುಗಳನ್ನೂ ಎಣಿಸಿ. ಕುಣಿಕೆ ಎಣಿಸಿ ಸಾಲು ಬಿಟ್ಟುಬಿಡುವವರೇ ಹೆಚ್ಚು. ಕೆಳಗಿನಿಂದ ಹೆಣೆಯುವಾಗ ಟೇಪ್ ಹಿಡಿದು ಉದ್ದ ನೋಡಿಕೊಂಡು ಹೋಗಬಹುದು. ಮೇಲಿನಿಂದ ಹೆಣೆಯುವಾಗ ಹಾಗಲ್ಲ, ಕುಣಿಕೆ ಹೆಚ್ಚುವುದೂ ಉದ್ದ ಬೆಳೆಯುವುದೂ ಒಟ್ಟೊಟ್ಟಿಗೆ ನಡೆಯುತ್ತವೆ. ಕಂಕುಳಿನ ಆಳವನ್ನು ತೀರ್ಮಾನಿಸುವುದು ಸಾಲಿನ ಲೆಕ್ಕವೇ.

ಈ ಲೆಕ್ಕ 10 ಸೆಂ.ಮೀ.ಗೆ 20 ಕುಣಿಕೆ, 28 ಸಾಲು ಬರುವ ಕೈಗೆ. ಒಳಗೆ ಶರ್ಟ್ ಹಾಕಲು 8 ಸೆಂ.ಮೀ. ಸಡಿಲ ಸೇರಿಸಿದರೆ ಸ್ವೆಟರಿನ ಎದೆ 68 ಸೆಂ.ಮೀ., ಅಂದರೆ 136 ಕುಣಿಕೆ.

ಸಣ್ಣ ಕಡ್ಡಿಯಲ್ಲಿ 72 ಕುಣಿಕೆ ಸಡಿಲವಾಗಿ ಹಾಕಿ, ತಿರುಚಿಕೊಳ್ಳದಂತೆ ಸುತ್ತಿಗೆ ಸೇರಿಸಿ, ಒಂದು ನಿಟ್ (ಸೀದಾ) ಒಂದು ಪರ್ಲ್ (ಉಲ್ಟಾ) ರಿಬ್ 8 ಸುತ್ತು ಹೆಣೆಯಿರಿ. ಬಿಗಿಯಾಗಿ ಹಾಕಿದರೆ ತಲೆ ತೂರುವುದಿಲ್ಲ. ಆಮೇಲೆ ದೊಡ್ಡ ಕಡ್ಡಿಗೆ ಬದಲಿಸಿ, ನಾಲ್ಕು ಮಾರ್ಕರ್ (ಕಡ್ಡಿಗೆ ಹಾಕುವ ಗುರುತಿನ ಬಳೆ) ಹಾಕಿ ಹೀಗೆ ಹಂಚಿ: ಬೆನ್ನು 26, ತೋಳು 10, ಎದೆ 26, ತೋಳು 10. ಇನ್ನು ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ, ಪ್ರತಿ ಮಾರ್ಕರಿನ ಎರಡೂ ಬದಿಗೆ ಒಂದು ಕುಣಿಕೆ ಬಿಟ್ಟು ಒಂದೊಂದು ಹೆಚ್ಚಿಸಿ. ಸುತ್ತಿಗೆ 8 ಹೆಚ್ಚುತ್ತದೆ. ಎರಡು ಕುಣಿಕೆಗಳ ನಡುವಿನ ಅಡ್ಡ ಎಳೆಯನ್ನು ಎತ್ತಿ, ತಿರುಚಿ ಹೆಣೆಯಿರಿ. ತಿರುಚದಿದ್ದರೆ ಅಲ್ಲಿ ತೂತು ಉಳಿಯುತ್ತದೆ.

ಹೀಗೆ 19 ಸಲ ಹೆಚ್ಚಿಸಿದರೆ 38 ಸುತ್ತು, ಸುಮಾರು 13.5 ಸೆಂ.ಮೀ. ಬೆನ್ನು ಮತ್ತು ಎದೆ 64ರಂತೆ, ತೋಳು 48ರಂತೆ, ಒಟ್ಟು 224. ತೋಳಿನ ಕುಣಿಕೆಗಳನ್ನು ಬೇರೆ ಬಣ್ಣದ ದಾರಕ್ಕೆ ಇಳಿಸಿ, ಎರಡು ಕಂಕುಳಲ್ಲೂ ಹೊಸದಾಗಿ 4 ಕುಣಿಕೆ ಹಾಕಿ ಎದೆ ಬೆನ್ನು ಸೇರಿಸಿ. 136 ಬಂತು. ಅಲ್ಲಿಂದ 20 ಸೆಂ.ಮೀ. ನೇರ ಹೆಣೆದು 4 ಸೆಂ.ಮೀ. ರಿಬ್ ಹಾಕಿ. ತೋಳಿಗೆ 48 ಮತ್ತು ಕಂಕುಳಿನ 4 ಸೇರಿ 52. ಪ್ರತಿ 7ನೇ ಸುತ್ತಿನಲ್ಲಿ 2 ಕಡಿಮೆ ಮಾಡುತ್ತ 8 ಸಲ ಹೋದರೆ 36 ಉಳಿಯುತ್ತದೆ. ತೋಳು 22 ಸೆಂ.ಮೀ. ಆದಾಗ ರಿಬ್ ಶುರುಮಾಡಿ.

ತೋಳು ಬೇರ್ಪಡಿಸುವ ಮೊದಲು ಎಲ್ಲ ಕುಣಿಕೆಗಳನ್ನೂ ಉದ್ದ ದಾರಕ್ಕೆ ಇಳಿಸಿ ಮಗುವಿಗೆ ಹಾಕಿ ನೋಡಿ. ದಯವಿಟ್ಟು ಇದನ್ನು ಬಿಡಬೇಡಿ, ಈ ವಿಧಾನದ ಲಾಭವೆಲ್ಲ ಇಲ್ಲೇ ಇದೆ. ಕುಣಿಕೆ ಸಾಕಷ್ಟಿದ್ದು ಅಂಚು ಇನ್ನೂ ಕಂಕುಳು ಮುಟ್ಟಿಲ್ಲವೆಂದರೆ ಹೆಚ್ಚಿಸದೆ ಎರಡು ಮೂರು ಸುತ್ತು ಸುಮ್ಮನೆ ಹೆಣೆಯಿರಿ. ಕಂಕುಳು ಮುಟ್ಟಿದೆ, ಎದೆ ಬಿಗಿ ಎಂದರೆ ಹೆಚ್ಚಿಸುವುದನ್ನು ನಿಲ್ಲಿಸಿ, ಕಂಕುಳಲ್ಲಿ 4ರ ಬದಲು 6 ಅಥವಾ 8 ಹಾಕಿ. ತೋಳು ಮಾತ್ರ ಬಿಗಿಯಾದರೆ ಕೊನೆಯ ಒಂದೆರಡು ಸಲ ತೋಳಿನಲ್ಲಷ್ಟೇ ಹೆಚ್ಚಿಸಿ. ನಿಮ್ಮ ಕೈಗೆ 10 ಸೆಂ.ಮೀ.ಯಲ್ಲಿ 28ರ ಬದಲು 24 ಸಾಲು ಬರುವುದಾದರೆ ಅದೇ 38 ಸುತ್ತು ಸುಮಾರು 16 ಸೆಂ.ಮೀ. ಆಗಿ ಕಂಕುಳು ಜೋತು ಬೀಳುತ್ತದೆ. ಮಗು ಕೈ ಎತ್ತಿದರೆ ಇಡೀ ಸ್ವೆಟರ್ ಮೇಲೇರುವುದು ಇದರಿಂದಲೇ.

ಪ್ರಶ್ನೆ: ನನಗಾಗಿ ಹೆಣೆದದ್ದು ಮುಂದೆ ಗಂಟಲು ಒತ್ತುತ್ತದೆ, ಹಿಂದೆ ಸೊಂಟದಲ್ಲಿ ಮೇಲೇರುತ್ತದೆ. ಅಳತೆ ಎಲ್ಲ ಸರಿಯಿತ್ತು. (ಚಿಕ್ಕಮಗಳೂರು)

ಸುತ್ತಳತೆ ಸರಿಯಿರಬಹುದು, ಆದರೆ ಹಿಂದೂ ಮುಂದೂ ಒಂದೇ ಎತ್ತರಕ್ಕೆ ಹೆಣೆದಿದ್ದೀರಿ. ಕತ್ತಿನ ಹಿಂಭಾಗ ಮುಂಭಾಗಕ್ಕಿಂತ ಎತ್ತರದಲ್ಲಿದೆ. ಆ ವ್ಯತ್ಯಾಸ ತುಂಬಲು ಬೆನ್ನಿನ ಕಡೆ ಅರ್ಧ ಸಾಲುಗಳು, ಅಂದರೆ ಶಾರ್ಟ್ ರೋ, ಬೇಕು. ಮಕ್ಕಳಿಗೆ 2 ಸೆಂ.ಮೀ., ದೊಡ್ಡವರಿಗೆ 3ರಿಂದ 4 ಸೆಂ.ಮೀ.

ಮೇಲಿನ ಮಕ್ಕಳ ಸ್ವೆಟರಿನಲ್ಲಾದರೆ ರಿಬ್ ಮುಗಿದು ಹೆಚ್ಚಿಸುವ ಮೊದಲು ಹೀಗೆ ಮಾಡಿ: ಬೆನ್ನು ಹೆಣೆದು ತೋಳಿನ 3 ಕುಣಿಕೆ ದಾಟಿ ತಿರುಗಿಸಿ, ಪರ್ಲ್ ಮಾಡುತ್ತ ಬೆನ್ನು ದಾಟಿ ಇನ್ನೊಂದು ತೋಳಿನ 3 ಕುಣಿಕೆವರೆಗೆ ಹೋಗಿ ತಿರುಗಿಸಿ. ಮುಂದಿನ ಜೋಡಿ 6ರವರೆಗೆ, ಅದರ ಮುಂದಿನದು 9ರವರೆಗೆ. ಆರು ಸಾಲಿಗೆ ಸುಮಾರು 2 ಸೆಂ.ಮೀ. ಏರುತ್ತದೆ. ಪ್ರತಿ ಸಲ ತಿರುಗಿಸಿದಾಗ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಿ, ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಬಿಗಿಯಾಗಿ ಎಳೆಯಿರಿ. ಕುಣಿಕೆ ಎರಡು ಕಾಲಾಗಿ ಕಾಣುತ್ತದೆ. ಮತ್ತೆ ಅಲ್ಲಿಗೆ ಬಂದಾಗ ಎರಡನ್ನೂ ಸೇರಿಸಿ ಒಂದೇ ಕುಣಿಕೆಯಾಗಿ ಹೆಣೆದರೆ ತೂತು ಕಾಣದು.

ಹೆಣೆದು ಮುಗಿದ ಸ್ವೆಟರನ್ನೂ ಉಳಿಸಿಕೊಳ್ಳಬಹುದು. ಕತ್ತಿನ ರಿಬ್ಬಿನ ಕೆಳಗಿನ ಸುತ್ತಿನ ಎಲ್ಲ ಕುಣಿಕೆಗಳನ್ನೂ ತೆಳು ಕಡ್ಡಿಗೆ ಎತ್ತಿಕೊಳ್ಳಿ. ಅದರ ಮೇಲಿನ ಸುತ್ತಿನಲ್ಲಿ ಒಂದು ಎಳೆ ಕತ್ತರಿಸಿ ದಾರವನ್ನು ಬಿಡಿಸುತ್ತ ಹೋದರೆ ರಿಬ್ ಕಳಚಿಕೊಳ್ಳುತ್ತದೆ. ಈಗ ಮೇಲ್ಮುಖವಾಗಿ ಬೆನ್ನಿನ ಕಡೆ ಶಾರ್ಟ್ ರೋ ಹಾಕಿ ಹೊಸ ರಿಬ್ ಹೆಣೆಯಿರಿ.

ಪ್ರಶ್ನೆ: ಕಂಕುಳಿನ ಎರಡು ಮೂಲೆಯಲ್ಲೂ ತೂತು ಬರುತ್ತದೆ. (ಮೈಸೂರು)

ತೋಳು ಬೇರ್ಪಡಿಸಿದ ಜಾಗದಲ್ಲಿ ದಾರ ಜಗ್ಗಿರುತ್ತದೆ. ತೋಳಿಗೆ ಕುಣಿಕೆ ಎತ್ತುವಾಗ ಕಂಕುಳಿನ 4ರ ಜೊತೆ ಎರಡು ಮೂಲೆಯಲ್ಲೂ ಒಂದೊಂದು ಹೆಚ್ಚಿಗೆ ಎತ್ತಿ, ಮುಂದಿನ ಸುತ್ತಿನಲ್ಲಿ ಪಕ್ಕದ ಕುಣಿಕೆಯೊಂದಿಗೆ ಸೇರಿಸಿ ಹೆಣೆಯಿರಿ. ಉಳಿದ ಸಣ್ಣ ಸಂದನ್ನು ಅಲ್ಲೇ ಬಿಟ್ಟ 20 ಸೆಂ.ಮೀ. ದಾರದ ತುದಿಯಿಂದ ಒಳಗಿನಿಂದ ಬಿಗಿಯಿರಿ.

ಪ್ರಶ್ನೆ: ಮುಂದಿನ ಚಳಿಗೆ ಇದೇ ಸ್ವೆಟರನ್ನು ಉದ್ದ ಮಾಡಬಹುದೇ? ಅಕ್ರಿಲಿಕ್ ಉಲ್ಲನ್. (ಬೆಂಗಳೂರು)

ಧಾರಾಳವಾಗಿ. ಮುಗಿಸಿದ ತುದಿ ಕೆಳಗೇ ಇರುವುದರಿಂದ ಅಂಚು ಬಿಚ್ಚಿ, ರಿಬ್ ಬಿಚ್ಚಿ, ಕುಣಿಕೆ ಕಡ್ಡಿಗೆ ಏರಿಸಿ ಮುಂದುವರಿಸಿದರಾಯಿತು. ತೋಳು 4 ಸೆಂ.ಮೀ. ಉದ್ದವಾಗಲು 11 ಸುತ್ತು ಸಾಕು. ಕೊನೆಯ ಅಂಚನ್ನು ಒಂದು ಸೈಜ್ ದೊಡ್ಡ ಕಡ್ಡಿಯಲ್ಲಿ ಮುಚ್ಚಿ, ಇಲ್ಲವಾದರೆ ಮಣಿಕಟ್ಟು ಬಿಗಿಯುತ್ತದೆ. ಅಕ್ರಿಲಿಕ್ಕಿಗೆ ಇಸ್ತ್ರಿ ತಾಗಿಸಬೇಡಿ. ಬಿಸಿಗೆ ಎಳೆ ಚಪ್ಪಟೆಯಾಗಿ ಮತ್ತೆ ಏಳುವುದಿಲ್ಲ. ಉಳಿದ ಉಲ್ಲನ್ನಿನಲ್ಲಿ 50 ಗ್ರಾಂ ಎತ್ತಿಡಿ, ಸ್ವೆಟರ್ ತೊಳೆದಾಗಲೆಲ್ಲ ಅದನ್ನೂ ಸಡಿಲ ಲಡಿ ಕಟ್ಟಿ ಜೊತೆಗೇ ತೊಳೆದು ಒಣಗಿಸಿ. ಆಗ ಹೊಸದಾಗಿ ಸೇರಿಸಿದ ಭಾಗದ ಬಣ್ಣ ಹಳೆಯದಕ್ಕೆ ಹೊಂದುತ್ತದೆ.