ಸ್ವಂತ ಕೃತಿಯ ಫೋಟೊ ತೆಗೆಯುವುದು, ಅದರ ಬಗ್ಗೆ ಬರೆಯುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಮೂರು ತೊಡಕುಗಳಿವೆ: ಮೊಬೈಲಿನಲ್ಲಿ ತೆಗೆದ ಕಸೂತಿಯ ಫೋಟೊದಲ್ಲಿ ದಾರದ ಬಣ್ಣ ಬೇರೆಯಾಗಿ ಕಾಣುತ್ತದೆ, ಅದರ ಬಗ್ಗೆ ಬರೆಯಲು ಕುಳಿತರೆ ಎರಡು ವಾಕ್ಯಗಳಾಚೆ ಕೈ ಓಡುವುದಿಲ್ಲ, ಬರೆದರೂ ತನ್ನನ್ನು ತಾನೇ ಹೊಗಳಿಕೊಂಡಂತಾಗುತ್ತದೆ ಎಂಬ ಸಂಕೋಚ. ಕಸೂತಿ ಮತ್ತು ಜಲವರ್ಣ ಎರಡರಲ್ಲೂ ಕೈಯಾಡಿಸುತ್ತ, ಮಾಡಿದ್ದನ್ನೆಲ್ಲ ದಾಖಲಿಸಿಡುತ್ತ ಬಂದಿರುವ ನನಗೆ ಅನ್ನಿಸುವಂತೆ, ಕಣ್ಣಿಗೆ ಕಾಣುವುದನ್ನು ತೋರಿಸುವ ಹೊಣೆಯನ್ನು ಪೂರ್ತಿಯಾಗಿ ಫೋಟೊಗೆ ಬಿಟ್ಟು, ಫೋಟೊದಲ್ಲಿ ಕಾಣದ್ದನ್ನು ಮಾತ್ರ ಬರಹಕ್ಕೆ ಉಳಿಸಿಕೊಂಡರೆ ಈ ಮೂರರಲ್ಲಿ ಬಹುಪಾಲು ಸಡಿಲವಾಗುತ್ತದೆ.

ಮೊದಲು ಬಣ್ಣದ ವಿಷಯ. ಹಗಲು ಬೆಳಕಿನ ವರ್ಣತಾಪ (ಬೆಳಕು ಎಷ್ಟು ಹಳದಿ ಅಥವಾ ಎಷ್ಟು ನೀಲಿ ಎಂಬುದರ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನೀಲಿ) ಸಾಮಾನ್ಯವಾಗಿ 5500 ಕೆಲ್ವಿನ್ ಅಥವಾ ಅದಕ್ಕೂ ಹೆಚ್ಚಿದ್ದರೆ, ಮನೆಯೊಳಗಿನ ಹಳದಿ ಬಲ್ಬಿನದು 2700ರಿಂದ 3000 ಕೆಲ್ವಿನ್‌ನ ಆಸುಪಾಸಿನಲ್ಲಿರುತ್ತದೆ. ಎರಡೂ ಒಟ್ಟಿಗೆ ಬಿದ್ದಾಗ ಕ್ಯಾಮೆರಾ ಯಾವುದಕ್ಕೆ ಹೊಂದಿಕೊಂಡರೂ ಬಟ್ಟೆಯ ಒಂದು ಪಕ್ಕ ನೀಲಿಗೋ ಇನ್ನೊಂದು ಪಕ್ಕ ಹಳದಿಗೋ ವಾಲುತ್ತದೆ. ಆದ್ದರಿಂದ ಕೋಣೆಯ ದೀಪಗಳನ್ನೆಲ್ಲ ಆರಿಸಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಕೃತಿಯನ್ನಿಟ್ಟು ಫೋಟೊ ತೆಗೆಯಿರಿ. ಗಾಢ ಬಣ್ಣದ ಅಂಗಿ ತೊಟ್ಟು ಹತ್ತಿರ ನಿಂತರೆ ಅದರ ಛಾಯೆಯೂ ಬಿಳಿ ಬಟ್ಟೆಯ ಮೇಲೆ ಬೀಳುತ್ತದೆಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಇನ್ನು, ಕ್ಯಾಮೆರಾ ತನ್ನೆದುರಿನ ದೃಶ್ಯವನ್ನು ಸರಾಸರಿಯಲ್ಲಿ ನಡುಮಟ್ಟದ ಬೂದು ಎಂದು ಭಾವಿಸಿಯೇ ಬೆಳಕನ್ನು ಅಳೆಯುವುದರಿಂದ, ಚೌಕಟ್ಟಿನ ತುಂಬ ಬಿಳಿ ಬಟ್ಟೆಯೋ ಬಿಳಿ ಕಾಗದವೋ ಇದ್ದಾಗ ಅದು ಮಂಕಾಗಿ ಬರುತ್ತದೆ. ಮೊಬೈಲಿನ ಪರದೆಯಲ್ಲಿ ಬಟ್ಟೆಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ತುಸು ಮೇಲಕ್ಕೆ ಎಳೆದರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ.

ಬೆಳಕು ಯಾವ ದಿಕ್ಕಿನಿಂದ ಬರುತ್ತದೆ ಎಂಬುದು ಬಣ್ಣಕ್ಕಿಂತಲೂ ಮುಖ್ಯ ಎಂದು ನಾನು ಹೇಳುತ್ತೇನೆ. ಜಲವರ್ಣದಂಥ ಸಪಾಟು ಕೃತಿಗೆ ಎಲ್ಲ ಕಡೆಯಿಂದ ಸಮನಾಗಿ ಹರಡಿದ ಬೆಳಕು ಬೇಕು, ಕಸೂತಿಗೆ ಬೇಡ. ಎಲೆಯೊಂದನ್ನು ಸ್ಯಾಟಿನ್ ಹೊಲಿಗೆಯಲ್ಲಿ, ಅಂದರೆ ದಾರವನ್ನು ಒತ್ತೊತ್ತಾಗಿ ಪಕ್ಕಪಕ್ಕಕ್ಕೆ ಹಾಕಿ, ತುಂಬುವಾಗ ನಡುನರದ ಎರಡೂ ಬದಿಗೆ ದಾರವನ್ನು ಬೇರೆ ಬೇರೆ ಓರೆಯಲ್ಲಿ ಹಾಕಿರುತ್ತೀರಿ. ದಾರ ಒಂದೇ ಆದರೂ ಬೆಳಕು ಪಕ್ಕದಿಂದ ಬಂದಾಗ ಒಂದು ಬದಿ ಹೊಳೆದು ಇನ್ನೊಂದು ಬದಿ ಕಡುವಾಗಿ, ಎರಡು ಹಸಿರುಗಳನ್ನು ಬಳಸಿದಂತೆ ಕಾಣುತ್ತದೆ. ಅದೇ ಎಲೆಯನ್ನು ಎದುರಿನ ಫ್ಲ್ಯಾಶ್ ಹಾಕಿ ತೆಗೆದರೆ ಈ ವ್ಯತ್ಯಾಸವೂ ಅಳಿಸಿಹೋಗುತ್ತದೆ, ಗಂಟು ಹೊಲಿಗೆಯ ಉಬ್ಬೂ ಕಾಣುವುದಿಲ್ಲ, ದಿನಗಟ್ಟಲೆ ಮಾಡಿದ ಕೆಲಸ ಅಚ್ಚು ಹಾಕಿದ ಬಟ್ಟೆಯಂತಾಗುತ್ತದೆ. ಹೀಗಾಗಿ ಕಿಟಕಿ ಒಂದು ಪಕ್ಕಕ್ಕಿರಲಿ. ಎದುರು ಪಕ್ಕದ ನೆರಳು ತೀರ ಕಪ್ಪಾದರೆ ಅಲ್ಲೊಂದು ಬಿಳಿ ರಟ್ಟನ್ನು ನಿಲ್ಲಿಸಿದರೆ ಸಾಕು.

ಮೊಬೈಲಿನ ಮುಖ್ಯ ಲೆನ್ಸು ಅಗಲ ನೋಟದ್ದಾದ್ದರಿಂದ ತೀರ ಹತ್ತಿರ ಹೋಗಿ ತುಸು ಓರೆಯಾಗಿ ಹಿಡಿದರೂ ಬಟ್ಟೆಯನ್ನು ಬಿಗಿದಿಡುವ ದುಂಡಗಿನ ರಿಂಗು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಬಳಸಿ, ಮೊಬೈಲನ್ನು ಕೃತಿಗೆ ಸಮಾನಾಂತರವಾಗಿ ಹಿಡಿಯಿರಿ. ಗಾಜಿನ ಕಟ್ಟು ಹಾಕಿಸುವ ಮುನ್ನವೇ ಫೋಟೊ ತೆಗೆದಿಟ್ಟುಕೊಳ್ಳಿ. ಇಡೀ ಕೃತಿಯ ಒಂದು, ಹತ್ತಿರದಿಂದ ಒಂದು, ಅಳತೆ ತಿಳಿಯುವಂತೆ ಕೈಯನ್ನೋ ಸೂಜಿಯನ್ನೋ ಪಕ್ಕದಲ್ಲಿಟ್ಟು ಒಂದು, ಇಷ್ಟಿದ್ದರೆ ನಡೆಯುತ್ತದೆ. ಧೈರ್ಯವಿದ್ದರೆ ಹಿಂಬದಿಯದೂ ಇರಲಿ, ಕಸೂತಿ ಬಲ್ಲವರು ಮೊದಲು ಮಗುಚಿ ನೋಡುವುದು ಅದನ್ನೇ. ಫಿಲ್ಟರುಗಳ ಗೊಡವೆಗೆ ಮಾತ್ರ ಹೋಗಬೇಡಿ.

ಇಷ್ಟೆಲ್ಲ ಶ್ರಮ ಯಾಕೆ, ಬೇರೆ ಯಾರಿಂದಾದರೂ ತೆಗೆಸಬಹುದಲ್ಲ ಎನ್ನಬಹುದು. ಶಿಲ್ಪಿ ಬ್ರಾಂಕುಶಿ, ಬೇರೆಯವರು ತೆಗೆದ ಫೋಟೊಗಳಿಂದ ತೃಪ್ತಿಯಾಗದೆ, ತನ್ನ ಶಿಲ್ಪಗಳನ್ನು ತಾನೇ ಫೋಟೊ ತೆಗೆಯುತ್ತಿದ್ದ. ಯಾವ ಬೆಳಕಿನಲ್ಲಿ ಯಾವ ಕೋನದಿಂದ ನೋಡಬೇಕು ಎಂಬುದು ಮಾಡಿದವನಿಗೆ ಗೊತ್ತಿರುವಷ್ಟು ಇನ್ನೊಬ್ಬರಿಗೆ ಗೊತ್ತಿರುವುದು ಅಪರೂಪ.

ಇನ್ನು ಬರಹ. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1888ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಆರ್ಲ್ ಊರಿನ ತನ್ನ ಮಲಗುವ ಕೋಣೆಯ ಚಿತ್ರ ಬರೆದಾಗ, ತಮ್ಮ ಥಿಯೋಗೆ ಕಳಿಸಿದ ಪತ್ರದಲ್ಲಿ ಯಾವ ವಸ್ತುವಿಗೆ ಯಾವ ಬಣ್ಣ ಎಂದು ಒಂದೊಂದಾಗಿ ಬರೆದಿದ್ದಾನೆ. ಗೋಡೆಗಳು ತೆಳು ನೇರಳೆ ಎಂದಿದ್ದಾನೆ. ಇಂದು ಆ ಚಿತ್ರದಲ್ಲಿ ಗೋಡೆಗಳು ನೀಲಿಯಾಗಿ ಕಾಣುತ್ತವೆ, ಏಕೆಂದರೆ ಬಣ್ಣದಲ್ಲಿ ಬೆರೆತಿದ್ದ ಕೆಂಪು ಕಾಲಕ್ರಮದಲ್ಲಿ ಮಾಸಿದೆ. ಮಾಡಿದವನೇ ಬರೆದಿಟ್ಟ ಆ ಸಾಲು ಇಲ್ಲದಿದ್ದರೆ ಕೃತಿಯ ಮೊದಲ ರೂಪವನ್ನು ತಿಳಿಯುವ ದಾರಿ ಬಹಳ ಕಿರಿದಾಗುತ್ತಿತ್ತು. ಗಮನಿಸಿ, ಅಲ್ಲಿ ಭಾವದ ವರ್ಣನೆಗಿಂತ ಮೊದಲು ಬರುವುದು ಬಣ್ಣಗಳ ಲೆಕ್ಕ.

ನೀವೂ ಅಲ್ಲಿಂದಲೇ ಶುರು ಮಾಡಿ: ಅಳತೆ (ಚಿತ್ರವಾದರೆ ಮೊದಲು ಎತ್ತರ, ಆಮೇಲೆ ಅಗಲ ಎಂಬುದು ರೂಢಿ), ಬಟ್ಟೆ ಯಾವುದು, ದಾರದ ಕಂಪನಿ ಮತ್ತು ಬಣ್ಣದ ಸಂಖ್ಯೆ, ಎಷ್ಟು ಎಳೆ, ಮುಗಿಸಿದ ವರ್ಷ. ಇದನ್ನೆಲ್ಲ ಕೆಲಸ ನಡೆಯುತ್ತಿರುವಾಗಲೇ ಗೀಚಿಟ್ಟುಕೊಳ್ಳಬೇಕು, ಮುಗಿದ ಮೇಲೆ ನೆನಪಿಗೆ ಬರುವುದಿಲ್ಲ. ಅದಾದ ಮೇಲೆ ಒಂದು ನಿರ್ಧಾರದ ಬಗ್ಗೆ ಬರೆಯಿರಿ. ಅಂಚನ್ನು ಯಾಕೆ ಖಾಲಿ ಬಿಟ್ಟಿರಿ? ಆರು ಎಳೆಯ ದಾರವನ್ನು ಬಿಡಿಸಿ ಒಂದೇ ಎಳೆಯಲ್ಲಿ ಹಕ್ಕಿಯ ಕುತ್ತಿಗೆಯನ್ನು ಹೊಲಿದದ್ದೇಕೆ? ಯಾವುದನ್ನು ಬಿಚ್ಚಿ ಮತ್ತೆ ಹಾಕಿದಿರಿ? ಫೋಟೊ ನೋಡಿ ಯಾರೂ ಊಹಿಸಲಾಗದ ಇಂಥ ಒಂದು ಸಂಗತಿಯನ್ನು ಹಿಡಿದರೆ ಎರಡು ವಾಕ್ಯಗಳು ತಾವಾಗಿಯೇ ಎರಡು ಪ್ಯಾರಾ ಆಗುತ್ತವೆ. ಕೃತಿಯ ಅರ್ಥವನ್ನು ವಿವರಿಸಲು ಹೋಗಬೇಕೆಂದೇನಿಲ್ಲ. ನೋಡುವವರಿಗೂ ಏನಾದರೂ ಉಳಿಯಲಿ.

ಹೊಗಳಿಕೆಯ ಸಂಕೋಚದ ಬಗ್ಗೆ ಹೇಳುವುದಾದರೆ, ಆತ್ಮಶ್ಲಾಘನೆ ನುಸುಳುವುದು ಹೆಚ್ಚಾಗಿ ವಿಶೇಷಣಗಳ ಮೂಲಕ. ‘ಅತ್ಯಂತ ಸೂಕ್ಷ್ಮವಾದ, ಮನಮೋಹಕ ಕಸೂತಿ’ ಎಂದರೆ ಓದುವವರು ಒಪ್ಪಬೇಕು ಇಲ್ಲವೇ ಬಿಡಬೇಕು. ‘ಗರಿಗಳನ್ನು ಒಂದೇ ಎಳೆಯಲ್ಲಿ ಹೊಲಿದಿದ್ದೇನೆ, ಎರಡು ಎಳೆಯಲ್ಲಿ ಹೊಲಿದಾಗ ಹಕ್ಕಿ ದಪ್ಪವಾಗಿ ಕಾಣುತ್ತಿತ್ತು’ ಎಂದು ಬರೆದರೆ ಸೂಕ್ಷ್ಮ ಎಂಬ ಮಾತನ್ನು ಹೇಳುವುದೋ ಬಿಡುವುದೋ ಅವರಿಗೇ ಬಿಟ್ಟದ್ದು. ಬರೆದ ಮೇಲೆ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ ಒಮ್ಮೆ ಓದಿ, ಅರ್ಥ ಕೆಡುವ ಕಡೆ ಮಾತ್ರ ಅವನ್ನು ಮರಳಿ ಸೇರಿಸಿ.