ನಾಲ್ಕು ತಿಂಗಳ ಮೂಗಿಗೆ ಫಿಲ್ಲರ್ ಹಾಕಿಸಬೇಡಿ

ಮೂಗಿನ ಆಪರೇಷನ್ ಆಗಿ ನಾಲ್ಕು ತಿಂಗಳಾದರೂ ತುದಿ ದಪ್ಪ, ಎಡಗಡೆ ಇನ್ನೂ ಜಾಸ್ತಿ, ಹುಬ್ಬಳ್ಳಿಯಲ್ಲಿ ಎಲ್ಲಿ ಫಿಲ್ಲರ್ (ತಗ್ಗು ತುಂಬಲು ಚರ್ಮದಡಿ ಚುಚ್ಚುವ ಜೆಲ್‌ನಂಥ ಮದ್ದು) ಹಾಕಿಸಿದರೆ ಸರಿಹೋಗುತ್ತದೆ ಅಂತ ಕೇಳಿದ್ದೀರಿ. ಎಲ್ಲಿಯೂ ಬೇಡ. ಆ ವಿಚಾರವನ್ನೇ ಬಿಡಿ.

ನಾನು ಬ್ಯಾಡಗಿಯವಳು. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಮೂಗಿನ ನಡುವೆ ಡುಬ್ಬ ಇತ್ತು, ತುದಿ ಕೆಳಗೆ ಬಾಗಿತ್ತು. ಶಾಲೆಯಿಂದಲೂ ಗಿಣಿಮೂಗು ಅಂತ ಕರೆಸಿಕೊಂಡು ಸಾಕಾಗಿ, ನನ್ನದೇ ದುಡ್ಡು ಕೂಡಿಟ್ಟು ಹುಬ್ಬಳ್ಳಿಯ ಒಬ್ಬ ಪ್ಲಾಸ್ಟಿಕ್ ಸರ್ಜನ್ ಹತ್ತಿರ ರೈನೋಪ್ಲಾಸ್ಟಿ, ಅಂದರೆ ಮೂಗಿನ ಆಕಾರ ತಿದ್ದುವ ಆಪರೇಷನ್, ಮಾಡಿಸಿಕೊಂಡೆ. ಮನೆಯವರಿಗೆ ಗೊತ್ತಿತ್ತು. ಊರಿಗೆ ಮಾತ್ರ ಸೈನಸ್ ಆಪರೇಷನ್ ಅಂತ ಹೇಳಿದೆವು. ಈ ಸುಳ್ಳು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊದಲ ವಾರ ಮೂಗು ಅಲುಗದಂತೆ ಮೇಲೆ ಗಟ್ಟಿ ಪಟ್ಟಿ (ಸ್ಪ್ಲಿಂಟ್), ಕಣ್ಣ ಕೆಳಗೆ ನೀಲಿ, ಬಾಯಲ್ಲೇ ಉಸಿರು, ತಲೆದಿಂಬು ಎತ್ತರಿಸಿ ಮಲಗೋದು. ಅದೆಲ್ಲ ನಿಮಗೂ ಆಗಿರುತ್ತದೆ, ಬಿಡಿ. ನನಗೆ ಜಾಸ್ತಿ ಕಷ್ಟ ಆದದ್ದು ಸೀನು. ಸೀನು ಬಂದರೆ ತಡೆಯಬಾರದು, ಬಾಯಿ ತೆರೆದು ಸೀನಬೇಕು, ಮೂಗು ಸೀಟಲೇಬಾರದು ಅಂತ ಡಾಕ್ಟರ್ ಹೇಳಿದ್ದರು. ಬ್ಯಾಡಗಿ ಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಸೀಸನ್ನಿನಲ್ಲಿ ಚೀಲ ಸುರಿಯುವಾಗ ಮಾರ್ಕೆಟ್ಟಿನಲ್ಲಿ ಒಂದು ತಾಸು ನಿಂತು ನೋಡಲಿ. ಮಾಸ್ಕ್ ಮೇಲೆ ಮಾಸ್ಕ್ ಹಾಕಿಕೊಂಡು ಕೆಲಸಕ್ಕೆ ಹೋದೆ.

ಸ್ಪ್ಲಿಂಟ್ ತೆಗೆದಾಗ ಡುಬ್ಬ ಹೋಗಿತ್ತು. ಖುಷಿಯಾಯಿತು. ಆಮೇಲೆ ಶುರುವಾಯಿತು ನೋಡಿ ಕನ್ನಡಿ ನೋಡುವ ಹುಚ್ಚು. ಬೆಳಿಗ್ಗೆ ಬಾವು ಜಾಸ್ತಿ, ಸಂಜೆಗೆ ಸ್ವಲ್ಪ ಕಡಿಮೆ. ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ ಮತ್ತೆ ಜಾಸ್ತಿ. ತುದಿ ಮುಟ್ಟಿದರೆ ಕಲ್ಲಿನಂತೆ ಗಟ್ಟಿ, ಜೋಮು ಬೇರೆ. ನಕ್ಕರೆ ಮೇಲ್ದುಟಿ ಎಳೆದಂತೆ ಆಗುತ್ತಿತ್ತು. ಡಾಕ್ಟರ್‌ಗೆ ತೋರಿಸಿದರೆ ‘ಒಂದು ವರ್ಷ ತಡಿಯವ್ವಾ’ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಕೆಲಸ ಕೆಡಿಸಿ ಈಗ ದಿನ ದೂಡುತ್ತಿದ್ದಾರೆ ಅಂತ ನನಗೆ ಖಾತ್ರಿಯೇ ಆಗಿಬಿಟ್ಟಿತ್ತು. ನಿಮಗೂ ಈಗ ಅದೇ ಅನುಮಾನ, ಅಲ್ವಾ?

ಅದೇ ಹೊತ್ತಿಗೆ ಮನೆಯಲ್ಲಿ ಕನ್ಯಾ ನೋಡುವ ಮಾತು. ಹಾವೇರಿಯಿಂದ ಬಂದ ದೊಡ್ಡಮ್ಮ ಮುಖ ನೋಡಿದ ಕೂಡಲೇ ‘ಸೈನಸ್ ಮಾಡಿಸಿದ್ರ ಮೂಗು ಹಿಂಗ ದಪ್ಪ ಆಗತೈತೇನು?’ ಅಂದರು. ಆ ವಾರವೇ ಹುಬ್ಬಳ್ಳಿಯ ಒಂದು ಬ್ಯೂಟಿ ಕ್ಲಿನಿಕ್ಕಿಗೆ ಹೋದೆ. ತುದಿಯ ಮೇಲ್ಭಾಗಕ್ಕೆ ಸ್ವಲ್ಪ ಫಿಲ್ಲರ್ ತುಂಬಿದರೆ ದಪ್ಪ ತುದಿ ಎದ್ದು ಕಾಣುವುದಿಲ್ಲ, ಅರ್ಧ ಗಂಟೆ ಕೆಲಸ ಅಂದಿದ್ದರು.

ಅಲ್ಲಿ ಒಂದು ಫಾರ್ಮ್ ಕೊಟ್ಟರು. ರಟ್ಟಿಗೆ ಸಿಕ್ಕಿಸಿದ ಹಾಳೆ, ದಾರ ಕಟ್ಟಿದ ಪೆನ್ನು. ಹೆಸರು, ವಯಸ್ಸು, ಶುಗರ್, ಬಿಪಿ. ಆಮೇಲೆ ‘ಹಿಂದೆ ಯಾವುದಾದರೂ ಶಸ್ತ್ರಚಿಕಿತ್ಸೆ ಆಗಿದೆಯೇ’ ಅಂತ ಒಂದು ಸಾಲು. ಹೌದು ಅಂತ ಗುರುತು ಹಾಕಲು ಪೆನ್ನು ಇಟ್ಟಿದ್ದೆ. ಅಷ್ಟರಲ್ಲಿ ಕೌಂಟರ್ ಹಿಂದಿದ್ದ ಹುಡುಗಿ ನಾನು ಬರೆದ ವಿಳಾಸ ನೋಡಿ, ‘ಬ್ಯಾಡಗಿಯವ್ರೇನ್ರಿ? ನಮ್ಮ ಅಕ್ಕನ್ನ ಮೋಟೆಬೆನ್ನೂರಿಗೆ ಕೊಟ್ಟೇವ್ರಿ’ ಅಂದಳು. ಮೋಟೆಬೆನ್ನೂರು ನಮ್ಮ ತಾಲ್ಲೂಕೇ. ನಮ್ಮ ಅಂಗಡಿಗೆ ಕಾಯಿ ತರುವ ಅರ್ಧ ರೈತರು ಅಲ್ಲಿಯವರೇ. ‘ಇಲ್ಲ’ ಅನ್ನುವುದಕ್ಕೆ ಗುರುತು ಹಾಕಿ ಹಾಳೆ ತಿರುಗಿಸಿ ಕೊಟ್ಟೆ.

ಇಷ್ಟೇ ನಾನು ಮಾಡಿದ್ದು. ಇದನ್ನು ಎಷ್ಟು ಸಲ ತಿರುವಿ ನೋಡಿದ್ದೇನೋ. ಒಳಗೆ ಹೋದ ಮೇಲೆ ಬಾಗಿಲು ಹಾಕಿತ್ತು, ಆ ಹುಡುಗಿ ಇರಲಿಲ್ಲ, ಅಲ್ಲಾದರೂ ಹೇಳಬಹುದಿತ್ತು. ಹೇಳಿದರೆ ಬರೆದದ್ದು ಸುಳ್ಳಾಗುತ್ತದಲ್ಲ ಅಂತ ಸುಮ್ನೆ ಕೂತೆ. ಮೂಗಿನ ಹೊಳ್ಳೆಗಳ ನಡುವಿನ ಆಪರೇಷನ್ ಗಾಯದ ಗೆರೆಗೆ ಕ್ರೀಮು ಬಳಿದುಕೊಂಡು ಹೋಗಿದ್ದೆ. ಅವರಿಗೂ ಕಾಣಲಿಲ್ಲ, ಅವರೂ ಒತ್ತಿ ಕೇಳಲಿಲ್ಲ. ನನ್ನ ಸರ್ಜನ್‌ಗೆ ಒಂದು ಫೋನ್ ಮಾಡಿದ್ದರೆ ಬೇಡ ಅನ್ನುತ್ತಿದ್ದರು. ಬೇಡ ಅನ್ನುತ್ತಾರೆ ಅಂತ ಗೊತ್ತಿದ್ದೇ ಮಾಡಲಿಲ್ಲ. ಕ್ಲಿನಿಕ್ ತಪ್ಪು ಇಲ್ಲ ಅಂತಲ್ಲ. ಸೂಜಿ ಹಿಡಿದವರು ಏನು ಓದಿದ್ದಾರೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಸಾಲಿನಲ್ಲಿ ಹೌದು ಅಂತ ಇದ್ದಿದ್ದರೆ ಅವರೇ ಹೆದರಿ ವಾಪಸ್ ಕಳಿಸುತ್ತಿದ್ದರೋ ಏನೋ.

ಸೂಜಿ ಒಳಗಿದ್ದಾಗಲೇ ತುದಿ ಬಿಳಿಚಿಕೊಂಡಿತು. ಕನ್ನಡಿಯಲ್ಲಿ ನಾನೇ ನೋಡಿದೆ. ನೋವು ಅಂದೆ. ‘ಇರತೈತ್ರಿ’ ಅಂತ ಐಸ್ ಇಟ್ಟು ಕಳಿಸಿದರು. ರಾತ್ರಿ ನಿದ್ದೆ ಇಲ್ಲ. ಬೆಳಗಾಗುವಷ್ಟರಲ್ಲಿ ತುದಿಯ ಮೇಲೆ, ಪಕ್ಕದಲ್ಲಿ ನೇರಳೆ ಬಣ್ಣದ ಬಲೆ ಹರಡಿತ್ತು. ಆಗ ಮಾನ ಮರ್ಯಾದೆ ಎಲ್ಲ ಮರೆತು ಸರ್ಜನ್‌ಗೆ ಫೋನ್ ಮಾಡಿದೆ. ಬೈಯಲಿಲ್ಲ. ‘ಯಾವ ಫಿಲ್ಲರ್, ಕೇಳಿಕೊಂಡು ಈಗಲೇ ಹೊರಡು, ಐಸ್ ಇಡಬೇಡ’ ಅಂದರು.

ಅವರ ಕೋಣೆಯ ಗೋಡೆ ಮೇಲೆ ಒಂದು ಹಳೆಯ ಚಿತ್ರ ಇದೆ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು. ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಅನ್ನುವವನು ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಕಡೆ ಒಬ್ಬ ದೇಸಿ ಕಸುಬುದಾರ ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿದ. ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸದೆ ಹುಬ್ಬಿನ ನಡುವೆ ಅಂಟಿಕೊಂಡಿರುವ ಹಾಗೆ ಬಿಡುತ್ತಾರೆ. ಆ ತೊಟ್ಟಿನಿಂದಲೇ ರಕ್ತ ಹರಿಯುತ್ತದೆ, ಅದು ನಿಂತರೆ ಮೂಗೇ ಕಪ್ಪಾಗಿ ಹೋಗುತ್ತದೆ. ಡಾಕ್ಟರ್ ಅದನ್ನು ತೋರಿಸಿ, ನಿನ್ನ ತುದಿಗೂ ಈಗ ಆಗಿರುವುದು ಅದೇ ಅಂದರು. ಆಪರೇಷನ್ ಆದ ಮೂಗಿನಲ್ಲಿ ಕೆಲವು ರಕ್ತನಾಳ ಕಡಿದಿರುತ್ತವೆ, ಉಳಿದವು ಗಾಯದ ಗಂಟಿನಲ್ಲಿ ಸಿಕ್ಕಿಕೊಂಡಿರುತ್ತವೆ. ಅಂಥ ಜಾಗಕ್ಕೆ ಫಿಲ್ಲರ್ ನುಗ್ಗಿಸಿದರೆ ಇರುವ ನಾಳವೂ ಮುಚ್ಚಿಹೋಗಬಹುದು. ಮೂಗಿನ ನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಬಂಧ ಇದೆ. ಫಿಲ್ಲರ್ ನಾಳದೊಳಗೆ ಹಿಂದಕ್ಕೆ ಕಣ್ಣಿನ ಕಡೆ ಹೋದರೆ ದೃಷ್ಟಿಯೇ ಹೋಗಬಹುದು. ಆಪರೇಷನ್ ಆಗದ ಮೂಗಿಗೂ ಈ ಅಪಾಯ ತಪ್ಪಿದ್ದಲ್ಲ, ಆದದ್ದಕ್ಕೆ ಇನ್ನೂ ಜಾಸ್ತಿ.

ಪುಣ್ಯಕ್ಕೆ ನನಗೆ ಹಾಕಿದ್ದು ಹೈಲುರಾನಿಕ್ ಆ್ಯಸಿಡ್ ಫಿಲ್ಲರ್. ಅದನ್ನು ಕರಗಿಸಲು ಹೈಲುರಾನಿಡೇಸ್ ಅನ್ನುವ ಇಂಜೆಕ್ಷನ್ ಇದೆ. ಬೇರೆ ಜಾತಿಯ ಫಿಲ್ಲರ್ ಆಗಿದ್ದರೆ ಅದೂ ಕೆಲಸ ಮಾಡುತ್ತಿರಲಿಲ್ಲ. ಮತ್ತೆ ಮತ್ತೆ ಚುಚ್ಚಿದರು, ಬೆಚ್ಚಗಿನ ಬಟ್ಟೆ ಇಟ್ಟರು. ಮೂಗು ಉಳಿಯಿತು. ತುದಿಯ ಚರ್ಮ ಮಾತ್ರ ಒಂದು ಕಡೆ ಹೆಕ್ಕಳೆಗಟ್ಟಿ ಉದುರಿ, ಅಲ್ಲೊಂದು ಸಣ್ಣ ಗುಳಿ ಬಿತ್ತು. ಅದು ಹಾಗೇ ಇದೆ.

ಇನ್ನು ಆ ಬಾವಿನ ವಿಷಯ. ವರ್ಷ ತುಂಬುವ ಹೊತ್ತಿಗೆ ತಾನೇ ಇಳಿಯಿತು! ಡಾಕ್ಟರ್ ಮಾಡಿದ ಕೆಲಸ ಚೆನ್ನಾಗಿಯೇ ಇತ್ತು. ಈಗ ನನ್ನ ಮುಖದಲ್ಲಿ ಕಣ್ಣಿಗೆ ಬೀಳುವ ದೋಷ ಅಂದರೆ ದೋಷ ಮುಚ್ಚಲು ಹೋಗಿ ಆದ ಆ ಗುಳಿ ಒಂದೇ.

ಹಾಗಾಗಿ ಡಾಕ್ಟರ್ ಕೆಲಸ ಕೆಟ್ಟಿದೆಯಾ ಅನ್ನುವ ನಿಮ್ಮ ಪ್ರಶ್ನೆಗೆ ನಾಲ್ಕು ತಿಂಗಳಿಗೆ ಉತ್ತರವೇ ಇಲ್ಲ. ಬಾವು ಇಳಿಯುವುದರಲ್ಲಿ ತುದಿಯದೇ ಕೊನೆಯ ಸರದಿ. ನಮ್ಮ ಕಡೆಯವರ ಮೂಗಿನ ಚರ್ಮ ಸಾಮಾನ್ಯವಾಗಿ ದಪ್ಪ, ಅದಕ್ಕೆ ವರ್ಷದ ಮೇಲೂ ಹಿಡಿಯಬಹುದು. ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯಬೇಕು ಅಂತೇನೂ ಇಲ್ಲ, ಅದಕ್ಕೇ ನಿಮ್ಮದು ಎಡಕ್ಕೆ ವಾಲಿದಂತೆ ಕಾಣುತ್ತಿರಬಹುದು. ಎರಡನೇ ಆಪರೇಷನ್ ಬೇಕೇ ಆದರೂ ಒಳ್ಳೆಯ ಸರ್ಜನ್‌ಗಳು ಸಾಮಾನ್ಯವಾಗಿ 1 ವರ್ಷ ಕಾಯಿಸುತ್ತಾರೆ. ಈಗಲೇ ಮಾಡಿಕೊಡುತ್ತೇನೆ ಅನ್ನುವವರಿದ್ದರೆ ನಾನಂತೂ ಆ ಮೆಟ್ಟಿಲು ಹತ್ತುವುದಿಲ್ಲ. ರಾತ್ರಿ ಟೇಪ್ ಹಾಕುವುದು, ಬಾವಿನ ಜಾಗಕ್ಕೆ ಸ್ವಲ್ಪ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವುದು, ಇಂಥ ದಾರಿಗಳಿವೆ. ನಿಮ್ಮ ಸರ್ಜನ್ ನೋಡಿ ಹೇಳಬೇಕು, ನೀವಾಗಿ ಅಲ್ಲ, ಪಾರ್ಲರ್‌ನವರೂ ಅಲ್ಲ.

ಸೆಲ್ಫಿ ತೆಗೆಯುವುದನ್ನು ನಿಲ್ಲಿಸಿ. ಅಷ್ಟು ಹತ್ತಿರದಿಂದ ಯಾರ ಮೂಗಾದರೂ ದಪ್ಪವೇ ಕಾಣುತ್ತದೆ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಬೇರೆಯವರ ಕೈಯಲ್ಲಿ ದೂರದಿಂದ ತೆಗೆಸಿ. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ, ಗಾಯದ ಗೆರೆ ಕಪ್ಪಾಗುವುದು ಕಡಿಮೆಯಾಗುತ್ತದೆ. ದುಡ್ಡಿನ ಲೆಕ್ಕವನ್ನೂ ಹಾಕಿಕೊಳ್ಳಿ, ಅದು ನನ್ನ ಕಸುಬು. ಚಂದಕ್ಕೆ ಮಾಡಿಸಿಕೊಳ್ಳುವ ಆಪರೇಷನ್‌ಗೆ ಇನ್ಶೂರೆನ್ಸ್ ಬರುವುದಿಲ್ಲ, ಮೇಲೆ 18% ಜಿಎಸ್‌ಟಿ ಬೇರೆ. ಹುಟ್ಟಿನಿಂದ ಬಂದ ದೋಷಕ್ಕೋ ಪೆಟ್ಟಾಗಿ ಹಾಳಾದದ್ದಕ್ಕೋ ಮಾಡಿಸಿದರೆ ಮಾತ್ರ ಆ ತೆರಿಗೆ ಇಲ್ಲ.

ನೀವು ನೋಟದ ಬಗ್ಗೆ ಅಷ್ಟು ಬರೆದಿದ್ದೀರಿ, ಉಸಿರಾಟದ ಬಗ್ಗೆ ಒಂದು ಮಾತೂ ಇಲ್ಲ. ಎಡ ಹೊಳ್ಳೆಯಲ್ಲಿ ಗಾಳಿ ಸರಿಯಾಗಿ ಆಡುತ್ತಿದೆಯಾ? ಕಟ್ಟಿದಂತಿದ್ದರೆ, ಅಥವಾ ನೋವು, ಕೆಂಪು, ಕೀವು, ಜ್ವರ ಏನಾದರೂ ಇದ್ದರೆ ವರ್ಷಗಿರ್ಷ ಕಾಯಬೇಡಿ, ನಾಳೆಯೇ ನಿಮ್ಮ ಸರ್ಜನ್ ಹತ್ತಿರ ಹೋಗಿ ಅದನ್ನೇ ಮೊದಲು ಹೇಳಿ.