ಮನೆ ಅಡವಿನ ನೋಟಿಸ್ ಬಂದಿದೆ, ವಕೀಲರ ಫೀಸಿಗೆ ದುಡ್ಡಿಲ್ಲ. ಸಾಗರದಲ್ಲಿ ಯಾರನ್ನು ಕೇಳಬೇಕು?

ನೀವು ಬರೆದಿರುವುದು ಇಷ್ಟು: ಮನೆ ಅಮ್ಮನ ಹೆಸರಲ್ಲಿದೆ. ಅದನ್ನು ಅಡವಿಟ್ಟು ಸಾಲ ತೆಗೆದಿರಿ. ಎಲೆಚುಕ್ಕೆ ರೋಗ ಬಂದು ಅಡಿಕೆ ಕೈಕೊಟ್ಟಿತು, ಕಂತು ನಿಂತಿತು, ಈಗ ಬ್ಯಾಂಕಿನ ನೋಟಿಸ್ ಬಂದಿದೆ.

ಸೀದಾ ಸಾಗರದ ಕೋರ್ಟಿಗೆ ಹೋಗಿ, ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಅರ್ಹರಿಗೆ ಫೀಸಿಲ್ಲದೆ ವಕೀಲರನ್ನು ಕೊಡುವುದು ಅವರೇ. ನಾನು ವಕೀಲ ಅಲ್ಲ, ಪಕ್ಕದ ತಾಲ್ಲೂಕಿನಲ್ಲಿ ಇಂಥದೇ ಸಮಿತಿಗೆ ಪ್ಯಾರಾ ಲೀಗಲ್ ವಾಲಂಟಿಯರ್, ಅಂದರೆ ಜನರಿಗೆ ಕಾನೂನು ನೆರವಿನ ದಾರಿ ತೋರಿಸುವ ಸ್ವಯಂಸೇವಕ. ಅರ್ಜಿಯನ್ನು ಅಮ್ಮನ ಹೆಸರಲ್ಲೇ ಕೊಡಿಸಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಇಲ್ಲ. ನಿಮ್ಮ ಹೆಸರಲ್ಲಿ ಹಾಕಿದರೆ ಆದಾಯ ಪ್ರಮಾಣಪತ್ರಕ್ಕೆ ಸುಮ್ನೆ ಅಲೆಯಬೇಕಾಗಬಹುದು. ಫೋನಲ್ಲೇ ಕೇಳುವುದಾದರೆ ಕಾನೂನು ನೆರವಿನ ಸಹಾಯವಾಣಿ 15100, ಅದಕ್ಕೂ ದುಡ್ಡಿಲ್ಲ.

ಆದರೆ ಇವತ್ತೇ ಆಗಬೇಕಾದ ಕೆಲಸ ಬೇರೆ ಇದೆ. ನೋಟಿಸಿನಲ್ಲಿ 'ಸರ್ಫೇಸಿ ಕಾಯ್ದೆ 2002, ಸೆಕ್ಷನ್ 13(2)' ಅಂತ ಇದೆಯಾ ನೋಡಿ. ಕೋರ್ಟಿಗೆ ಹೋಗದೆ ಬ್ಯಾಂಕೇ ಅಡವಿನ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಲು ಬಿಡುವ ಕಾಯ್ದೆ ಅದು. ಹಾಗೆ ಬರೆದಿದ್ದರೆ ಬಾಕಿ ಕಟ್ಟಲು ನೋಟಿಸಿನ ತಾರೀಕಿನಿಂದ 60 ದಿನ ಟೈಮು. ಅಷ್ಟರೊಳಗೆ ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಕಾರಣ ಸಮೇತ ಉತ್ತರ ಕೊಡಲೇಬೇಕು. ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮ್ಯಾನೇಜರ್ ಹತ್ತಿರ ಬಾಯಲ್ಲಿ ಹೇಳಿ ಬಂದದ್ದು ಲೆಕ್ಕಕ್ಕೆ ಬರಲ್ಲ. ನಮ್ಮ ಕಡೆಯವರು ನೋಟಿಸನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿಟ್ಟು, ಮನೆ ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿದ ಮೇಲೆ ಬರುತ್ತಾರೆ.

ಹಾಗೆ ಅಂಟಿಸಿದ ಮೇಲೆ ಉಳಿಯುವ ದಾರಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ. 45 ದಿನದೊಳಗೆ ಅಲ್ಲಿ ಅರ್ಜಿ ಹಾಕಬೇಕು. ಇಂಥ ಕೇಸಲ್ಲಿ ಸಾಮಾನ್ಯವಾಗಿ ಸಿವಿಲ್ ಕೋರ್ಟು ಕೈಹಾಕುವ ಹಾಗಿಲ್ಲ. 'ಇಲ್ಲೇ ಸ್ಟೇ ತರಿಸ್ತೀನಿ, ಮುಂಗಡ ಕೊಡಿ' ಅನ್ನುವವರು ಕೋರ್ಟಿನ ಹೊರಗೆ ಚಹಾ ಅಂಗಡಿಯಲ್ಲೇ ಸಿಗುತ್ತಾರೆ. ಅವರಿಗೆ ಕೊಡುವ ದುಡ್ಡನ್ನು ಸಾಲಕ್ಕೇ ಕಟ್ಟಿ.

ಸಮಿತಿಗೆ ಹೋಗುವಾಗ ನೋಟಿಸ್, ಸಾಲ ಮಂಜೂರಾತಿ ಪತ್ರ, ಅಮ್ಮನ ಆಧಾರ್ ಜೊತೆಗೆ ಸಾಲದ ಪೂರ್ತಿ ಸ್ಟೇಟ್‌ಮೆಂಟ್ ಒಯ್ಯಿರಿ. ಅದನ್ನು ಸಾಲು ಸಾಲಾಗಿ ಓದಬೇಕು. ರಿಸರ್ವ್ ಬ್ಯಾಂಕ್ ನಿಯಮ 2024ರಲ್ಲಿ ಬದಲಾಗಿದೆ. ಕಂತು ತಪ್ಪಿದ್ದಕ್ಕೆ ದಂಡದ ಬಡ್ಡಿ ಹಾಕುವಂತಿಲ್ಲ, ದಂಡದ ಶುಲ್ಕ ಮಾತ್ರ. ಆ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಎಳೆಯುವಂತೆಯೂ ಇಲ್ಲ. ಹಾಗೆ ಎಳೆದದ್ದು ಕಂಡರೆ ಬ್ಯಾಂಕಿಗೆ ದೂರು ಬರೆಯಿರಿ. 30 ದಿನದಲ್ಲಿ ಸರಿಹೋಗದಿದ್ದರೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೂ ಶುಲ್ಕ ಇಲ್ಲ. ದೂರು ಕೊಟ್ಟಿದ್ದೀವಲ್ಲ ಅಂತ ಆ 60 ದಿನದ ಲೆಕ್ಕ ಮಾತ್ರ ನಿಲ್ಲಲ್ಲ.

ನನ್ನ ಕೇಳಿದರೆ, ನಿಮ್ಮದು ಕೇಸಿಗಿಂತ ರಾಜಿಗೆ ಹೊಂದುವ ವಿಷಯ. ಲೋಕ ಅದಾಲತ್‌ಗೆ ಕೋರ್ಟ್ ಫೀಸಿಲ್ಲ. ಕೇಸು ದಾಖಲಾಗುವ ಮುಂಚೆಯೇ ಹೋಗಬಹುದು. ಬ್ಯಾಂಕಿಗೆ ತಿಂಗಳ ಲೆಕ್ಕ, ತೋಟದವರಿಗೆ ವರ್ಷದ ಲೆಕ್ಕ. ಕೊಯ್ಲು ಮುಗಿದು ಮಂಡಿಗೆ ಅಡಿಕೆ ಹೋಗುವ ತಿಂಗಳು ಹೇಳಿ, ಆಗ ಇಷ್ಟು ಕಟ್ಟುತ್ತೇವೆ ಅಂತ ಬರವಣಿಗೆಯಲ್ಲಿ ಕೇಳಿ. ಆಗದ ಮೊತ್ತಕ್ಕೆ ಮಾತ್ರ ಒಪ್ಪಬೇಡಿ. ಅಲ್ಲಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ.

ಇನ್ನೊಂದು, ತೋಟವನ್ನೂ ಅಡವಿಟ್ಟಿದ್ದೀರಾ? ಪಹಣಿಯ 11ನೇ ಕಾಲಂ ನೋಡಿ. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ ಅನ್ವಯಿಸಲ್ಲ, ಬ್ಯಾಂಕು ಬೇರೆ ದಾರಿ ಹಿಡಿಯಬೇಕು. ನೋಟಿಸಿನಲ್ಲಿ ಮನೆ ಜೊತೆ ತೋಟದ ಸರ್ವೆ ನಂಬರೂ ಇದ್ದರೆ ಆಕ್ಷೇಪಣೆಯಲ್ಲಿ ಅದನ್ನೇ ಮೊದಲು ಬರೆಯಿರಿ.